ಮುಚ್ಚಿದ ದ್ರಾಕ್ಷಿಗುಡ್ಡ

ಆ ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ, ಹಾಗಲ್ಲ ಹೀಗೆ ಎಂದು ತಿದ್ದುವುದಕ್ಕೆ ಅಮೆರಿಕದ ಉತ್ತರ ಜೆರ್ಸಿಯಿಂದ ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ. ಕನ್ನಡ ಓದಲು ಬಾರದಿದ್ದರೂ ಮಾಡುತ್ತಾರೆ, ಅಂಥ ಜನ. ಜರ್ಮನಿಯಲ್ಲಿ ಮೋಜೆಲ್ ಅಂತ ಒಂದು ನದಿ. ಅದು ಬಳುಕುವ ಒಂದು ತಿರುವಿನಲ್ಲಿ, ನೀರಿಗೂ ಗುಡ್ಡಕ್ಕೂ ನಡುವೆ ಸಿಕ್ಕಿಕೊಂಡ ಹಾಗೆ ಎರಡು ಸಾಲು ಮನೆ, ಒಂದು ಚರ್ಚು, ಬೆನ್ನ ಹಿಂದೆ ಗೋಡೆಯಂತೆ ಎದ್ದು ನಿಂತ ದ್ರಾಕ್ಷಿಗುಡ್ಡ. ಊರೆಂದರೆ ಇಷ್ಟೇ. ನಾನು ಅದನ್ನು ಕಣ್ಣಾರೆ ಕಂಡವಳಲ್ಲ. ಆದರೆ ಅದರ ಒಂದೊಂದು ಚಿಮಣಿಯನ್ನೂ ಈ ಕೈಯಲ್ಲಿ ಅಂಟಿಸಿದ್ದೇನೆ, ಕಿತ್ತಿದ್ದೇನೆ, ಮತ್ತೆ ಅಂಟಿಸಿದ್ದೇನೆ.

ನನ್ನದು ಮಾಡೆಲ್ ಮಾಡುವ ಕೆಲಸ. ಬಿಲ್ಡರುಗಳು ಇನ್ನೂ ಕಟ್ಟದ ಕಟ್ಟಡವನ್ನು ಗಾಜಿನ ಪೆಟ್ಟಿಗೆಯೊಳಗೆ ತೋರಿಸಿ ಫ್ಲ್ಯಾಟ್ ಮಾರುತ್ತಾರಲ್ಲ, ಅದು. ಜೆರ್ಸಿ ಸಿಟಿಯ ಹಳೇ ಗೋದಾಮೊಂದರ ಮೇಲ್ಮಹಡಿಯಲ್ಲಿ ನಮ್ಮ ವರ್ಕ್‌ಶಾಪು. ಬ್ಯಾಂಕುಗಳು ಒಂದರ ಹಿಂದೆ ಒಂದು ಉರುಳಿದ ಮಾರನೆಯ ವರ್ಷ. ಹಡ್ಸನ್ ದಂಡೆಯಲ್ಲಿ ಏಳಬೇಕಾಗಿದ್ದ ಟವರುಗಳೆಲ್ಲ ನಮ್ಮ ಶೆಲ್ಫಿನ ಮೇಲೇ ನಿಂತುಬಿಟ್ಟಿದ್ದವು. ಮಾಡಿಸಿದವರು ತಗೊಂಡು ಹೋಗುವುದಕ್ಕೂ ಬರಲಿಲ್ಲ. ವರ್ಕ್‌ಶಾಪಿನಲ್ಲಿ ಉಳಿದವರು ಮೂವರು: ಅಮೆರಿಕನ್ ಯಜಮಾನ, ನಾನು, ಮತ್ತೆ ಲೇಸರ್ ಕಟರ್ ನಡೆಸುತ್ತಿದ್ದ ಧಾರವಾಡದವ. ಅವನು ಓದಿದ್ದು ಆರ್ಕಿಟೆಕ್ಚರು. ಹೆಂಡತಿ, ಕಿಂಡರ್‌ಗಾರ್ಟನ್‌ಗೆ ಹೋಗುವ ಮಗಳು, ಎಡಿಸನ್‌ನಲ್ಲಿ ಬಾಡಿಗೆ ಅಪಾರ್ಟ್‌ಮೆಂಟು. ನಾನು ಮೈಸೂರಿನ ಮಂಡಿ ಮೊಹಲ್ಲಾದವಳು. ಅವನ ಕನ್ನಡಕ್ಕೂ ನನ್ನ ಕನ್ನಡಕ್ಕೂ ದಿನಕ್ಕೊಂದು ಸಲ ಜಗಳ, ಎರಡು ಸಲ ರಾಜಿ.

ಬೇಸಿಗೆಯ ಒಂದು ಬೆಳಿಗ್ಗೆ ಯಜಮಾನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ. "ಒಂದು ಜರ್ಮನ್ ಕ್ಲಬ್ಬಿನವರು ತಮ್ಮ ಹಳ್ಳಿಯ ಮಾಡೆಲ್ ಕೇಳಿದ್ದಾರೆ. ಅಕ್ಟೋಬರಿನ ಸುಗ್ಗಿ ಹಬ್ಬಕ್ಕೆ ಬೇಕಂತೆ. ಅವರು ಸಭೆಯಲ್ಲಿ ಒಪ್ಪಿಕೊಂಡರೆ ನಾನು ಲೀಸ್ ಮುಂದುವರಿಸ್ತೀನಿ, ಇವನ ಎಚ್-ಒನ್ ವೀಸಾದ ಎಕ್ಸ್‌ಟೆನ್ಶನ್‌ಗೂ ಸೈನ್ ಹಾಕ್ತೀನಿ. ಒಪ್ಪದಿದ್ದರೆ ವರ್ಷದ ಕೊನೆಗೆ ಬಾಗಿಲು ಹಾಕೋದೇ. ಮುಚ್ಚೋ ಅಂಗಡಿಯಲ್ಲಿ ಕೆಲಸ ಇದೆ ಅಂತ ಸರ್ಕಾರಕ್ಕೆ ಸುಳ್ಳು ಬರೆದುಕೊಡಲಾರೆ."

ನನಗೇನು, ಗ್ರೀನ್ ಕಾರ್ಡಿತ್ತು, ಹಿಲ್ಸ್‌ಬರೋದಲ್ಲಿ ಮನೆ ಇತ್ತು, ಯಜಮಾನರಿಗೆ, ಅಂದರೆ ನಮ್ಮ ಮನೆಯವರಿಗೆ, ನೌಕರಿ ಇತ್ತು. ಧಾರವಾಡದವನ ವೀಸಾ ಹೊಸ ವರ್ಷ ಹುಟ್ಟಿದ ಕೂಡಲೇ ಮುಗಿಯುತ್ತಿತ್ತು. ಆ ಕಾಲದಲ್ಲಿ ಇನ್ನೊಬ್ಬ ಎಂಪ್ಲಾಯರ್ ಸಿಗುವುದು ಕಾದ ಬಾಣಲೆಗೆ ಬಿದ್ದ ನೀರು ನಿಂತ ಹಾಗೆ. ಅವನು ತಲೆ ಕೆರೆದುಕೊಂಡು ಅಂದ: "ಹಳ್ಳಿ ಅಲ್ರಿ ಅಕ್ಕಾರ, ಮಾಡಿದ್ರಾತು. ಟವರ್ ಮಾಡಿದ ಕೈಗೆ ಹಳ್ಳಿ ಏನ್ ದೊಡ್ಡ ಮಾತು?"

ಹಳ್ಳಿ ದೊಡ್ಡ ಮಾತಲ್ಲ. ಹಳ್ಳಿಯವರು ದೊಡ್ಡ ಮಾತು.

ಕ್ಲಬ್ಬಿನ ಸದಸ್ಯರೆಲ್ಲ ಆ ಒಂದೇ ಊರಿನಿಂದ ಬೇರೆ ಬೇರೆ ಕಾಲದಲ್ಲಿ ಹಡಗು ಹತ್ತಿ ಬಂದವರು, ಅವರನ್ನು ಮದುವೆಯಾದವರು. ಮುಕ್ಕಾಲು ಪಾಲು ಎಪ್ಪತ್ತು ದಾಟಿದವರು. ಅಧ್ಯಕ್ಷೆ ನಿವೃತ್ತ ನರ್ಸು. ಮಾತು ಕಮ್ಮಿ, ನಿಟ್ಟುಸಿರು ಜಾಸ್ತಿ. ಮೊದಲ ಮೀಟಿಂಗಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಯಾವ ವರ್ಷದ ಊರು ಮಾಡಬೇಕು? ಅಲ್ಲಿಗೆ ಮುಗಿಯಿತು. ಒಬ್ಬರಿಗೆ ಸೇತುವೆ ಬೇಕು. ಇನ್ನೊಬ್ಬರು ಬಿಟ್ಟು ಬಂದಾಗ ಸೇತುವೆಯೇ ಇರಲಿಲ್ಲ. ಒಬ್ಬಾಕೆಗೆ ತನ್ನ ಮನೆಗೆ ಅಣ್ಣ ಆಮೇಲೆ ಕಟ್ಟಿಸಿದ ಬಾಲ್ಕನಿಯೂ ಬೇಕು, ಬಾಲ್ಕನಿಗೆ ಎಷ್ಟೋ ವರ್ಷ ಮುಂಚೆ ಸುಟ್ಟುಹೋದ ಎದುರು ಮನೆಯ ಬೇಕರಿಯೂ ಬೇಕು. "ಎರಡೂ ಒಟ್ಟಿಗೆ ಇರಲಿಲ್ಲವಲ್ಲ?" ಅಂದರೆ, "ನನ್ನ ಕಣ್ಣ ಮುಂದೆ ಇವೆ" ಅಂದಳು.

ಊಟದ್ದು ಇನ್ನೊಂದು ಗೋಳು. ಎರಡನೇ ಮೀಟಿಂಗಿಗೆ ರಂಜಾನ್ ಶುರುವಾಗಿತ್ತು. ಪ್ಲಮ್ ಕೇಕು, ಹಂದಿ ಸಾಸೇಜು, ಮೇಲೆ ಅವರೂರಿನ ವೈನು. ನನಗೆ ಉಪವಾಸ ಎಂದರೆ "ಒಂದೇ ಒಂದು ಹನಿ" ಎಂದು ಗ್ಲಾಸು ಚಾಚುತ್ತಾರೆ. ಧಾರವಾಡದವ ಲಿಂಗಾಯತರ ಪೈಕಿ, ಮೊಟ್ಟೆಯನ್ನೂ ಮುಟ್ಟದವನು. ಆಲೂಗಡ್ಡೆ ಸಲಾಡು ಹಾಕಿಸಿಕೊಂಡು ಒಂದು ಚಮಚ ಬಾಯಿಗಿಟ್ಟ, ನನ್ನ ಕಡೆ ನೋಡಿದ. ಅದರಲ್ಲೂ ಹಂದಿಯ ಚೂರು. "ಅಕ್ಕಾರ, ಈ ಮಂದಿ ನೀರಿನಾಗರ ಏನೂ ಹಾಕಿಲ್ಲ ಹೌದಲ್ರಿ?" ಅಂತ ಪಿಸುಗುಟ್ಟಿದ.

ಕೊನೆಗೆ ನಾನೇ ಒಂದು ಉಪಾಯ ಹುಡುಕಿದೆ. ಸೇತುವೆಗೆ ಮುಂಚೆ ನದಿ ದಾಟಲು ದಡದಿಂದ ದಡಕ್ಕೆ ಕಟ್ಟಿದ ಹಗ್ಗ ಹಿಡಿದು ಸಾಗುವ ಒಂದು ದೋಣಿ ಇತ್ತಂತೆ. "ಅದರಲ್ಲಿ ಕೂತವರು ಕೈಯೆತ್ತಿ" ಅಂದೆ. ಎಲ್ಲರೂ ಎತ್ತಿದರು. "ಹಾಗಾದರೆ ದೋಣಿಯ ಕಡೆಯ ವರ್ಷದ ಊರು" ಅಂದೆ. ಅಧ್ಯಕ್ಷೆ ನಿಟ್ಟುಸಿರು ಬಿಟ್ಟು ಬರೆದುಕೊಂಡಳು. ಬಾಲ್ಕನಿಯಾಕೆ ಒಂದು ತಿಂಗಳು ನನ್ನ ಮುಖ ನೋಡಲಿಲ್ಲ.

ಆಮೇಲೆ ಕೆಲಸ. ಸ್ಕೇಲು ಒಂದಕ್ಕೆ ಐನೂರು. ಐದು ಮಿಲಿಮೀಟರ್ ದಪ್ಪದ ಒಂದು ಪ್ಲೈವುಡ್ ಹಾಳೆ ಎಂದರೆ ನೆಲದ ಮೇಲೆ ಎರಡೂವರೆ ಮೀಟರ್ ಏರು. ಎತ್ತರದ ಗೆರೆಗಳಿರುವ ನಕಾಶೆ ಹಿಡಿದು ಒಂದೊಂದು ಹಾಳೆಯನ್ನೂ ಲೇಸರಿನಲ್ಲಿ ಕತ್ತರಿಸಿ, ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಅಂಟಿಸುತ್ತಾ ಹೋದರೆ ಗುಡ್ಡ ಏಳುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಅಂಚಿಗೆ ಪುಟ್ಟಿ ಬಳಿದು, ಉಜ್ಜಿ, ಇಳಿಜಾರು ಮಾಡಬೇಕು. ಆ ಗುಡ್ಡದಲ್ಲಿ ಮಣ್ಣಿಗಿಂತ ಸ್ಲೇಟು ಕಲ್ಲಿನ ಚೂರೇ ಹೆಚ್ಚು. ಹಗಲಿನ ಬಿಸಿಲನ್ನು ಅದು ಹಿಡಿದಿಟ್ಟುಕೊಂಡು ಇರುಳಿಗೆ ಬಳ್ಳಿಗಳಿಗೆ ಕೊಡುತ್ತದಂತೆ. ಬಣ್ಣ ಬಳಿದರೆ ಆ ನೀಲಿ ಬೂದು ಬರಲಿಲ್ಲ. ಕೆಡವಿದ ಮನೆಯೊಂದರ ಛಾವಣಿಯ ಸ್ಲೇಟು ತಂದು ಒರಳಿನಲ್ಲಿ ಕುಟ್ಟಿ, ಜರಡಿ ಹಿಡಿದು, ಅಂಟಿನ ಮೇಲೆ ಉದುರಿಸಿದೆ. "ನಾಳೆ ಇದರಾಗ ಚಟ್ನಿ ಕುಟ್ಟಬ್ಯಾಡ್ರಿ ಮತ್ತ" ಅಂದ ಧಾರವಾಡದವ.

ಅಲ್ಲಿನ ಬಳ್ಳಿಗೆ ಚಪ್ಪರವಿಲ್ಲ, ತಂತಿಯಿಲ್ಲ. ಬಳ್ಳಿಗೊಂದು ಗೂಟ, ಆಳೆತ್ತರಕ್ಕಿಂತ ತುಸು ಹೆಚ್ಚು. ನಮ್ಮ ಸ್ಕೇಲಿಗೆ ಅದು ನಾಲ್ಕು ಮಿಲಿಮೀಟರ್. ಬ್ರಶ್ಶಿನ ಗಡಸು ಕೂದಲು ಕತ್ತರಿಸಿ, ಸೂಜಿಯಲ್ಲಿ ತೂತು ಮಾಡಿ, ಚಿಮಟದಲ್ಲಿ ಹಿಡಿದು ನೆಡಬೇಕು. ಒಂದಲ್ಲ ಎರಡಲ್ಲ, ಗುಡ್ಡ ತುಂಬ. ಮನೆಗಳ ಮೂಲೆಗಲ್ಲಿನ ಮೇಲೆ ನೆರೆ ಬಂದ ಎತ್ತರವನ್ನು ಕೆತ್ತುವ ಪದ್ಧತಿ ಅವರದು. ಅದೂ ಬೇಕಂತೆ. "ಈ ಸ್ಕೇಲಿನಲ್ಲಿ ಕಾಣಿಸುವುದಿಲ್ಲ" ಎಂದೆ. "ಕಾಣದಿದ್ದರೂ ಇರಬೇಕು" ಎಂದರು. ಕಾಣದ ಗೆರೆಗಳನ್ನೂ ಕೆತ್ತಿದೆವು, ಮಾಡಿದ್ದುಣ್ಣೋ ಮಹರಾಯ ಅಂತ.

ನಿಜವಾದ ಪಡಿಪಾಟಲು ಶುರುವಾಗಿದ್ದು ಪಟ್ಟಿಗಳಿಂದ. ಆ ಊರಲ್ಲಿ ಅಪ್ಪ ಸತ್ತರೆ ತೋಟ ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳಿಗೂ ಸಮಪಾಲು. ಒಂದೊಂದು ತೋಟವನ್ನೂ ಉದ್ದುದ್ದಕ್ಕೆ ಸೀಳಿ ಸೀಳಿ, ಗುಡ್ಡವೆಲ್ಲ ರಿಬ್ಬನ್ನಿನಂಥ ಪಟ್ಟಿಗಳು. ಕೆಲವು ಪಟ್ಟಿಗಳಲ್ಲಿ ಇರುವುದೇ ನಾಲ್ಕೈದು ಸಾಲು ಬಳ್ಳಿ. ಕ್ಲಬ್ಬಿನವರ ಆರ್ಡರಿನಲ್ಲಿ ಹೀಗಿತ್ತು: ಪ್ರತಿ ಮನೆತನದ ಪಟ್ಟಿಗೂ ಗಡಿಗೆರೆ ಕೊರೆದು, ಬುಡದಲ್ಲಿ ಹೆಸರಿನ ಪುಟಾಣಿ ಹಿತ್ತಾಳೆ ತಗಡು. ಯಾವುದು ಯಾರದು ಎಂದು ತಿಳಿಯಲು ಎಲ್ಲರಿಂದಲೂ ಕೈನಕಾಶೆ ತರಿಸಿಕೊಂಡೆವು. ಧಾರವಾಡದವ ಅವನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಒಂದರ ಪಕ್ಕ ಒಂದು ಜೋಡಿಸಿದ. ಬಹಳ ಹೊತ್ತು ಸ್ಕ್ರೀನನ್ನೇ ನೋಡುತ್ತಾ ಕೂತ.

"ಅಕ್ಕಾರ, ಗುಡ್ಡ ಸಾಲಂಗಿಲ್ರಿ."

"ಏನಪ್ಪಾ ಹಂಗಂದ್ರೆ?"

"ಇವರೆಲ್ಲಾರೂ ಹೇಳಿದಷ್ಟು ಹೊಲ ಕೊಡಬೇಕಂದ್ರ ಇನ್ನೂ ಅರ್ಧಾ ಗುಡ್ಡ ತರಬೇಕ್ರಿ. ಎಲ್ಲಿಂದ ತರೋಣು?"

ವಿಷಯ ಏನಪ್ಪಾ ಅಂದರೆ, ಹಡಗು ಹತ್ತುವಾಗ ತಮ್ಮನಿಗೆ ಬಿಟ್ಟುಕೊಟ್ಟ ಪಟ್ಟಿಯನ್ನು ಇವರು ತಮ್ಮದೆಂದೇ ಬರೆದಿದ್ದರು. ಆ ತಮ್ಮನಿಂದ ಕೊಂಡವನ ಮಗಳೂ ಈಗ ಇದೇ ಕ್ಲಬ್ಬಿನಲ್ಲಿದ್ದಳು. ಅವಳೂ ತನ್ನದೆಂದೇ ಬರೆದಿದ್ದಳು. ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅದೇ ಕಷ್ಟ. ಸುಳ್ಳಾಡುವವರನ್ನಾದರೆ ಹಿಡಿಯಬಹುದು. ಆ ಊರಿನ ಕಚೇರಿಯಿಂದ ಹಳೇ ಸರ್ವೆ ನಕಾಶೆ ತರಿಸಿ ಮೀಟಿಂಗಿನಲ್ಲಿ ಹರಡಿದೆ. ಅದನ್ನು ನೋಡಿ ಇಡೀ ಸಭೆ ಒಂದೇ ದನಿಯಲ್ಲಿ, "ಸರ್ವೆಯವನು ಹೊರಗಿನವನು, ಅವನಿಗೇನು ಗೊತ್ತು" ಎಂದಿತು.

ಇವರಲ್ಲಿ ಇಬ್ಬರನ್ನು ಮಾತ್ರ ನೀವು ನೆನಪಿಟ್ಟುಕೊಳ್ಳಬೇಕು. ಅಣ್ಣತಮ್ಮಂದಿರ ಮಕ್ಕಳು, ಒಂದೇ ವಯಸ್ಸು, ಒಂದೇ ಮೂಗು. ಒಬ್ಬರು ಮಾಂಸದಂಗಡಿ ನಡೆಸಿ ಬಿಟ್ಟವರು, ಇನ್ನೊಬ್ಬರು ಫ್ಯಾಕ್ಟರಿಯಲ್ಲಿ ಟೂಲ್‌ಮೇಕರ್ ಆಗಿದ್ದವರು, ಜೇಬಿನಲ್ಲಿ ಯಾವಾಗಲೂ ತಮ್ಮದೇ ಚಿಮಟ. ನಾವು ನಮ್ಮೊಳಗೆ ಕಸಾಯಿ ಅಂಕಲ್, ಚಿಮಟ ಅಂಕಲ್ ಎಂದು ಹೆಸರಿಟ್ಟಿದ್ದೆವು. ಅವರ ತಾತನ ತೋಟ ಇಬ್ಬರ ಅಪ್ಪಂದಿರಿಗೆ ಸೀಳಿ ಹೋಗಿತ್ತು. ಸೀಳಿದ ಗೆರೆಯ ಮೇಲೆ ಒಂದು ಪೀಚ್ ಮರ. ಬಳ್ಳಿಗಳ ನಡುವೆ ಅಲ್ಲಲ್ಲಿ ಪೀಚ್ ಬೆಳೆಸುವುದು ಅಲ್ಲಿಯ ರೂಢಿ. ಒಳಗೆಲ್ಲ ಕೆಂಪಗಿರುವ ಹಣ್ಣಂತೆ. ಆ ಮರ ಯಾರ ಕಡೆಯದು ಎನ್ನುವುದೇ ಜಗಳ. ನಮ್ಮ ಅಜ್ಜಿಯ ಓರಗೆಯವರು ಹೇಳುತ್ತಿದ್ದರಲ್ಲ, ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ. ಸಮುದ್ರ ದಾಟಿ ಅರ್ಧ ಶತಮಾನ ಕಳೆದರೂ ದಾಯಾದಿತನಕ್ಕೆ ಮುಪ್ಪು ಬಂದಿರಲಿಲ್ಲ.

ಒಂದು ಸೋಮವಾರ ಬಂದು ನೋಡುತ್ತೇನೆ, ಪೀಚ್ ಮರ ಎರಡು ಸಾಲು ಆಚೆ ನಿಂತಿದೆ. ಬಳ್ಳಿಗಳೂ ಕದಲಿವೆ. ನೆಟ್ಟ ರೀತಿ ಎಷ್ಟು ಅಚ್ಚುಕಟ್ಟೆಂದರೆ, ನನ್ನ ಕೈ ಅಲ್ಲವೆಂದು ತಕ್ಷಣ ಗೊತ್ತಾಯಿತು. ಯಜಮಾನನನ್ನು ಕೇಳಿದೆ.

"ಹೌದು, ಶನಿವಾರ ಆ ಚಿಮಟದ ಮುದುಕ ಬಂದಿದ್ದ. ನಾನು ಕಾಫಿ ಮಾಡೋಕೆ ಒಳಗೆ ಹೋಗಿದ್ದೆ" ಅಂದ.

"ಎಷ್ಟು ಕಾಫಿ ಮಾಡಿದಿರಿ ಸ್ವಾಮಿ? ಎರಡು ಸಾಲು ತೋಟ ಕಿತ್ತು ನೆಡುವಷ್ಟಾ?"

ಮರವನ್ನು ವಾಪಸ್ಸು ನೆಟ್ಟೆ. ಮುಂದಿನ ವಾರ ಕಸಾಯಿ ಅಂಕಲ್ ಬಂದು ಸಾಲು ಎಣಿಸಿ, ತಮ್ಮ ಕಡೆ ಒಂದು ಕಮ್ಮಿ ಎಂದರು. ಒಂದು ಹೆಚ್ಚಿಸಿದೆ. ಅದು ಹೇಗೋ ಚಿಮಟ ಅಂಕಲ್‌ಗೆ ತಿಳಿಯಿತು. ಈ ಇಬ್ಬರದು ನೋಡಿ ಉಳಿದ ಮನೆತನದವರೂ ಒಬ್ಬೊಬ್ಬರಾಗಿ ಗೋದಾಮಿನ ಲಿಫ್ಟ್ ಹತ್ತಲು ಶುರುವಿಟ್ಟರು. ಬಾಲ್ಕನಿಯಾಕೆಯೂ ಬಂದಳು, ಬಾಲ್ಕನಿ ಇಲ್ಲದಿದ್ದರೆ ಹೋಗಲಿ, ಪಟ್ಟಿಯಾದರೂ ಸ್ವಲ್ಪ ಅಗಲ ಮಾಡು ಎಂದಳು. ಅಳತೆ ಮಾಡಿದ್ದು ಸಾಕೆನಿಸಿ ನಾನು ಮನೆಗೆ ಹೋಗುವ ಟರ್ನ್‌ಪೈಕ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಕೂತು ಜೋರಾಗಿ ಬೈಯುತ್ತಿದ್ದೆ, ಪಕ್ಕದ ಕಾರಿನವರು ನೋಡುವ ಹಾಗೆ. ಹಬ್ಬಕ್ಕೆ ಎರಡು ವಾರವೂ ಉಳಿದಿರಲಿಲ್ಲ. ಸಭೆಯಲ್ಲಿ ಒಬ್ಬರು ತಕರಾರು ತೆಗೆದರೂ ಒಪ್ಪಿಗೆ ಮುಂದಕ್ಕೆ ಹೋಗುತ್ತದೆ ಎಂದು ಅಧ್ಯಕ್ಷೆ ಮೊದಲೇ ಹೇಳಿದ್ದಳು. ಮುಂದಕ್ಕೆ ಎಂದರೆ ಮುಂದಿನ ವರ್ಷಕ್ಕೆ. ಅಷ್ಟು ಹೊತ್ತಿಗೆ ಧಾರವಾಡದವನ ಸಂಸಾರ ಎಡಿಸನ್‌ನಲ್ಲಿ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ರೊಟ್ಟಿ ಡಬ್ಬಿ ಬಿಚ್ಚುತ್ತಾ, "ಮಗಳಿಗೆ ಚಳಿಗಾಲದ ಬೂಟು ಈಗ ತಗೊಳ್ಳೋದೋ ಬ್ಯಾಡೋ ಅಂತ ನಮ್ಮಾಕಿ ಕೇಳಾಕತ್ತಾಳ್ರಿ" ಅಂದ.

ಆವತ್ತೇ ಸಾಯಂಕಾಲ ಇಬ್ಬರು ಅಂಕಲ್‌ಗಳೂ ಒಂದೇ ಹೊತ್ತಿಗೆ ಬಂದಿಳಿದರು. ಅದುವರೆಗೆ ಒಬ್ಬರು ಬರುವ ದಿನ ಇನ್ನೊಬ್ಬರು ಬರುತ್ತಿರಲಿಲ್ಲ. ಮಾಡೆಲ್ಲಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಜಗಳ ಇಂಗ್ಲಿಷಿನಲ್ಲಿ ಶುರುವಾಗಿ ಜರ್ಮನ್ನಿಗೆ ಹೋಗಿ ನಮಗೆ ಕೇಳಿಸಲಿ ಎಂದು ಮತ್ತೆ ಇಂಗ್ಲಿಷಿಗೆ ಬಂತು.

"ಪೀಚ್ ಹಣ್ಣನ್ನ ನಮ್ಮಮ್ಮ ಕೀಳ್ತಿದ್ಲು. ಮರ ನಮ್ಮದು" ಅಂದರು ಚಿಮಟ ಅಂಕಲ್.

"ಕೀಳೋದರಲ್ಲಿ ನಿಮ್ಮ ಮನೆಯವರು ಜಾಣರು ಬಿಡು" ಎಂದರು ಕಸಾಯಿ ಅಂಕಲ್. "ನಿಮ್ಮಪ್ಪ ಮುಚ್ಚಿದ ಗುಡ್ಡದಲ್ಲಿ ದ್ರಾಕ್ಷಿ ಕಿತ್ತು ಸಿಕ್ಕಿಬಿದ್ದದ್ದು ನೆನಪಿಲ್ವಾ? ಕಾವಲುಗಾರ ಊರಿನ ನಡುವೆ ನಡೆಸಿಕೊಂಡು ಬಂದನಲ್ಲ, ಟೋಪಿ ತುಂಬ ದ್ರಾಕ್ಷಿ!"

"ನಮ್ಮಪ್ಪ ತಿಂದದ್ದು ತನ್ನ ತೋಟದ್ದೇ!"

"ತನ್ನದಾದರೇನು? ಮುಚ್ಚಿತ್ತಲ್ಲ!"

ನನಗೆ ಅರ್ಥವಾಗಲಿಲ್ಲ. ನಡುವೆ ಬಾಯಿ ಹಾಕಿದೆ. "ತನ್ನ ತೋಟದ ಹಣ್ಣು ತಾನು ತಿಂದರೆ ಅದು ಹೇಗೆ ಕಳ್ಳತನ?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನನ್ನಂಥ ದಡ್ಡಿಯನ್ನು ಕಂಡಿಲ್ಲ ಎನ್ನುವ ಮುಖ. ಆಮೇಲೆ ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾ ಹೇಳತೊಡಗಿದರು. ಹಣ್ಣು ಮಾಗತೊಡಗಿದಾಗ ಊರ ಸಮಿತಿ ಗುಡ್ಡವನ್ನು ಮುಚ್ಚುತ್ತದೆ. ಬೇಲಿಯಿಲ್ಲ, ಬೀಗವಿಲ್ಲ. ಗುಡ್ಡ ಹತ್ತುವ ಪ್ರತಿ ದಾರಿಯ ಬಾಯಲ್ಲೂ ಒಂದು ಕೋಲು ನೆಟ್ಟು, ತುದಿಗೆ ಹುಲ್ಲಿನ ಸಿವುಡು ಕಟ್ಟುತ್ತಾರೆ. ಅಷ್ಟೇ. ಅಲ್ಲಿಂದ ಸುಗ್ಗಿಯ ಗಂಟೆ ಹೊಡೆಯುವ ತನಕ ಯಾರೂ ಒಳಗೆ ಕಾಲಿಡುವಂತಿಲ್ಲ; ತೋಟದ ಒಡೆಯನೂ ಇಡುವಂತಿಲ್ಲ. ಕಾವಲುಗಾರ ಒಬ್ಬನೇ ಗಿಲಕಿ ಆಡಿಸುತ್ತಾ ಹಕ್ಕಿ ಓಡಿಸಿಕೊಂಡಿರುತ್ತಾನೆ.

"ಯಾಕೆ ಅಂತೀಯಾ?" ಕಸಾಯಿ ಅಂಕಲ್ ಕೇಳಿದರು. "ಪಟ್ಟಿ ಇಷ್ಟಿಷ್ಟೇ ಅಗಲ. ನನ್ನ ತೋಟಕ್ಕೆ ಹೋಗಬೇಕಾದರೆ ಇವನ ತೋಟ ದಾಟಬೇಕು."

"ದಾಟುವಾಗ ಇವನ ಕೈ ಸುಮ್ಮನಿರುತ್ತಾ?" ಚಿಮಟ ಅಂಕಲ್ ಮುಗಿಸಿದರು.

ಇಬ್ಬರೂ ನಕ್ಕರು. ಅವರು ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಜಗಳ ನೆನಪಾಗಿ ತಕ್ಷಣ ನಗು ನಿಲ್ಲಿಸಿ, ಬೇರೆ ಬೇರೆ ಲಿಫ್ಟಿನಲ್ಲಿ ಇಳಿದು ಹೋದರು. ಇದ್ದದ್ದು ಒಂದೇ ಲಿಫ್ಟು. ಒಬ್ಬರು ಇಳಿದು ಅದು ಮೇಲೆ ಬರುವ ತನಕ ಇನ್ನೊಬ್ಬರು ಕಾದರು.

ನಾನು ಗುಡ್ಡದ ಮುಂದೆ ಕೂತುಕೊಂಡೆ. ಇಷ್ಟು ದಿನ ಇವರ ಜಗಳವನ್ನು ಅಳತೆಪಟ್ಟಿಯಿಂದ ಬಿಡಿಸಲು ಹೋಗಿದ್ದೆನಲ್ಲ, ಅವರ ಊರಿಗೆ ಇದು ಹೊಸ ಜಗಳವೇನಲ್ಲ. ಅದಕ್ಕೆ ಅವರ ಹಿರಿಯರೇ ಒಂದು ದಾರಿ ಮಾಡಿಟ್ಟಿದ್ದರು. ವರ್ಷಕ್ಕೆ ಕೆಲವು ವಾರ ಗುಡ್ಡ ಯಾರದೂ ಅಲ್ಲ.

"ಏಯ್ ಬಾರಪ್ಪ ಇಲ್ಲಿ" ಎಂದು ಧಾರವಾಡದವನನ್ನು ಕರೆದೆ. "ನಾವು ಗುಡ್ಡ ಮುಚ್ಚಿಬಿಡೋಣ. ಗಡಿಗೆರೆ ಎಲ್ಲ ತುಂಬಿಸಿ ಹಾಕೋದು. ಹಿತ್ತಾಳೆ ತಗಡು ಒಂದೂ ಬೇಡ. ಸರ್ವೆ ನಕಾಶೆಯಲ್ಲಿ ಬಳ್ಳಿ ಎಲ್ಲಿದೆಯೋ ಅಲ್ಲಿ ಬಳ್ಳಿ, ಪೀಚ್ ಎಲ್ಲಿದೆಯೋ ಅಲ್ಲಿ ಪೀಚ್. ದಾರಿಗಳ ಬಾಯಲ್ಲಿ ಹುಲ್ಲು ಕಟ್ಟಿದ ಕೋಲು. ಸುಗ್ಗಿ ಹಬ್ಬಕ್ಕೆ ಮುಂಚಿನ ವಾರದ ಊರು ಇದು."

ಅವನು ಕೊರೆದ ಗೆರೆಗಳ ಮೇಲೆ ಬೆರಳಾಡಿಸಿದ. ಅವೆಲ್ಲ ಅವನೇ ಕೂತು ಕೊರೆದದ್ದು. "ಒಮ್ಮೆ ತುಂಬಿದ್ವಿ ಅಂದ್ರ ಹೊಳ್ಳಿ ಕೊರಿಯಾಕ ಬರಂಗಿಲ್ರಿ. ಟೈಮೂ ಇಲ್ಲ."

"ಗೊತ್ತು. ಅದಕ್ಕೇ ನಿನ್ನ ಕೇಳ್ತಿರೋದು. ಅವರು ಒಪ್ಪದಿದ್ದರೆ ನಾನು ನಾಳೆ ಹಿಲ್ಸ್‌ಬರೋದಲ್ಲಿ ಮನೇಲಿ ಕೂತು ಬಿರಿಯಾನಿ ಮಾಡ್ತೀನಿ. ಊರು ಬಿಡಬೇಕಾದವನು ನೀನು. ನೀನು ಬೇಡ ಅಂದ್ರೆ ಬೇಡ, ಹೇಗಿದೆಯೋ ಹಾಗೇ ಒಯ್ಯೋಣ."

ಅವನು ಒಂದು ಗೆರೆಯೊಳಗಿನ ಧೂಳು ಊದಿದ. "ಹೀಂಗ ಒಯ್ದರ ಮಂದಿ ಒಪ್ಪತಾರೇನ್ರಿ?"

"ಇಲ್ಲ."

"ಮತ್ತೇನ್ ಕೇಳೋದು? ತುಂಬ್ರಿ."

ಯಜಮಾನ ಕೂಗಾಡಿದ. ಆರ್ಡರಿನಲ್ಲಿ ತಗಡು ಎಂದಿದೆ, ತಗಡಿನ ಕೆಲಸ ಮುಗಿದಿದೆ, ನಿನಗೆ ತಲೆ ಕೆಟ್ಟಿದೆಯಾ? ಅಧ್ಯಕ್ಷೆಯನ್ನು ಕೇಳೋಣ ಎಂದು ಅವನೆದುರೇ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಆಕೆ ಉದ್ದಕ್ಕೆ ಒಂದು ನಿಟ್ಟುಸಿರು ಬಿಟ್ಟಳು. "ನೀನು ನನ್ನ ಏನೂ ಕೇಳಿಲ್ಲ" ಎಂದಳು. "ಕೇಳಿದ್ದಾದರೆ ನಾನು ಮೀಟಿಂಗ್ ಕರೆಯಬೇಕಾಗುತ್ತೆ." ಫೋನ್ ಇಟ್ಟಳು. ಬೇಡ ಅನ್ನಲಿಲ್ಲವಲ್ಲ ಎಂದು ಯಜಮಾನನೂ ಹೂಂ ಅಂದ.

ಆ ವಾರ ಮನೆಗೆ ಹೋಗಿದ್ದು ಮಲಗುವುದಕ್ಕೆ ಮಾತ್ರ. ಸ್ಲೇಟಿನ ಪುಡಿಯನ್ನು ಪುಟ್ಟಿಯಲ್ಲಿ ಕಲಸಿ, ಕೊಳವೆಯಲ್ಲಿ ಹಾಕಿ, ಮೆಹೆಂದಿ ಬಿಡುವ ಹಾಗೆ ಗೆರೆಗಳಿಗೆ ತುಂಬಿಸಿದೆ. ಮೊದಲ ಸಲ ಹಾಕಿದ್ದು ಒಣಗುವಾಗ ಕುಗ್ಗಿ, ಗೆರೆಗಳೆಲ್ಲ ಮತ್ತೆ ಎದ್ದು ಕಂಡವು. ಹಠಮಾರಿ ಜನರ ಗಡಿ, ಅಷ್ಟು ಸುಲಭಕ್ಕೆ ಹೋದೀತೇ? ಪುಟ್ಟಿಯನ್ನು ಇನ್ನಷ್ಟು ಗಟ್ಟಿ ಮಾಡಿ ತುಂಬಿ, ಒದ್ದೆ ಬಟ್ಟೆಯಲ್ಲಿ ಒತ್ತಿದಾಗ ಕೂತಿತು. ಕದಲಿದ ಸಾಲುಗಳನ್ನೆಲ್ಲ ಕಿತ್ತು ಸರ್ವೆಯಂತೆ ನೆಟ್ಟೆವು. ಹುಲ್ಲಿನ ಸಿವುಡಿಗೆ ಏನೇನೋ ಪ್ರಯತ್ನ ಮಾಡಿ, ಕೊನೆಗೆ ಪೊರಕೆಯ ಕಡ್ಡಿಯ ತುದಿಯನ್ನು ಸೀಳಿ ದಾರ ಕಟ್ಟಿದಾಗ ಸರಿಹೋಯಿತು. ಗೋದಾಮಿಗೆ ಯಾರೇ ಬಂದರೂ ಮೇಲೆ ಬಿಡಬಾರದೆಂದು ಯಜಮಾನನನ್ನು ಕೆಳಗೆ ಬಾಗಿಲಲ್ಲಿ ಕೂರಿಸಿದೆ. ಕಾಫಿಯನ್ನೂ ಅಲ್ಲಿಗೇ ಕಳಿಸಿದೆ.

ಹ್ಯಾಲೋವೀನ್ ಕುಂಬಳಕಾಯಿಗಳು ಮೆಟ್ಟಿಲ ಮೇಲೆ ಕೂತ ಒಂದು ಭಾನುವಾರ ಹಬ್ಬ. ಕ್ಲಬ್ಬಿನ ಹಾಲ್ ತುಂಬ ಉದ್ದನೆ ಮೇಜುಗಳು, ಅಕಾರ್ಡಿಯನ್ನು, ತಲೆಗೆ ಎಲೆಯ ಕಿರೀಟ ಇಟ್ಟುಕೊಂಡ ಮೊಮ್ಮಗಳೊಬ್ಬಳು. ಅಧ್ಯಕ್ಷೆ ಮಾಡೆಲ್ಲಿನ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿದಳು. ಎಲ್ಲರೂ ಸುತ್ತ ಮುತ್ತಿಕೊಂಡರು. ಮೊದಲು ಚರ್ಚು, ದೋಣಿ, ಬೇಕರಿ ಎಂದು ಉದ್ಗಾರ ಬಂತು. ಆಮೇಲೆ ಕಣ್ಣುಗಳು ಗುಡ್ಡ ಹತ್ತಿದವು. ತಗಡು ಹುಡುಕಿದವು. ಅಕಾರ್ಡಿಯನ್ ನಿಂತಿತು.

"ನಮ್ಮದು ಎಲ್ಲಿ?" ಬಾಲ್ಕನಿಯಾಕೆ ಕೇಳಿದಳು.

"ಅಲ್ಲೇ ಇದೆ ಮೇಡಂ" ಅಂದೆ. "ಆದರೆ ಇವತ್ತು ಗುಡ್ಡ ಮುಚ್ಚಿದೆ."

ಧಾರವಾಡದವ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಆಗ ಕಸಾಯಿ ಅಂಕಲ್ ಬಗ್ಗಿ, ದಾರಿಯ ಬಾಯಲ್ಲಿನ ಕೋಲನ್ನು ಕನ್ನಡಕ ಎತ್ತಿ ನೋಡಿದರು. ಹುಲ್ಲಿನ ಸಿವುಡು. ಅವರದೇ ಭಾಷೆಯಲ್ಲಿ ಏನೋ ಒಂದು ಮಾತಂದರು. ಪಕ್ಕದವರು ಬಗ್ಗಿದರು. ಅವರ ಪಕ್ಕದವರು. ಒಬ್ಬಾಕೆ ಇನ್ನೊಂದು ದಾರಿಯ ಕೋಲು ತೋರಿಸಿದಳು. ನಾನು ಕೇಳಿಸಿಕೊಳ್ಳುತ್ತಿದ್ದಂತೆಯೇ ಸದ್ದು ಏರಿತು: ಯಾರ ಅತ್ತೆ ಲಂಗದಲ್ಲಿ ದ್ರಾಕ್ಷಿ ಕಟ್ಟಿಕೊಂಡು ಬಂದಳು, ಕಾವಲುಗಾರನಿಗೆ ಯಾರ ಮಗಳ ಮೇಲೆ ಕಣ್ಣಿತ್ತು, ಗಂಟೆ ಹೊಡೆಯುವ ದಿನ ಯಾರು ಮೊದಲು ಓಡಿ ಹತ್ತುತ್ತಿದ್ದರು. ಅಲ್ಲಿದ್ದ ಮುಕ್ಕಾಲು ಮನೆತನದವರೂ ಒಂದಲ್ಲ ಒಂದು ಸಲ ತಮ್ಮದೇ ತೋಟದಲ್ಲಿ ಕಳ್ಳರಾಗಿ ಸಿಕ್ಕಿಬಿದ್ದವರೇ.

ಚಿಮಟ ಅಂಕಲ್ ಮಾತ್ರ ಈ ಯಾವುದಕ್ಕೂ ಕಿವಿಗೊಡದೆ ಗುಡ್ಡವನ್ನೇ ಅಳೆಯುತ್ತಿದ್ದರು. ಪೀಚ್ ಮರ ಕಂಡಿತು. ಕೈ ಮೆಲ್ಲಗೆ ಜೇಬಿಗೆ ಹೋಯಿತು. ಚಿಮಟ ಹೊರಗೆ ಬಂತು, ನದಿ ದಾಟಿತು, ಚರ್ಚು ದಾಟಿತು.

"ಗೆಶ್‌ಲೊಸೆನ್!" ಕಸಾಯಿ ಅಂಕಲ್ ಗುಡುಗಿದರು.

"ಗೆಶ್‌ಲೊಸೆನ್!" ಇಡೀ ಸಭೆ ಕೂಗಿತು. ಮುಚ್ಚಿದೆ ಎಂದು ಅರ್ಥ. ಆ ಮುದುಕ ಸಣ್ಣ ಹುಡುಗನ ಹಾಗೆ ಕೈ ಹಿಂದಕ್ಕೆಳೆದುಕೊಂಡು ಚಿಮಟವನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಧ್ಯಕ್ಷೆ ಈ ಸಮಯ ಬಿಡಲಿಲ್ಲ. "ಒಪ್ಪಿಗೆಗೆ ಹಾಕ್ತಿದ್ದೀನಿ. ತಕರಾರು?"

ಚಿಮಟ ಅಂಕಲ್ ಕೈ ಎತ್ತಿದರು. "ಹುಲ್ಲಿನ ಗಂಟು ನದಿಯ ಕಡೆ ಇರಬೇಕು. ಇವರು ಗುಡ್ಡದ ಕಡೆ ಕಟ್ಟಿದ್ದಾರೆ."

"ಗಂಟು ಎಲ್ಲಿದ್ದರೂ ಸಿಕ್ಕಿಬಿದ್ದದ್ದು ನಿಮ್ಮಪ್ಪನೇ" ಎಂದರು ಕಸಾಯಿ ಅಂಕಲ್. "ಕೈ ಇಳಿಸೋ."

ಚಿಮಟ ಅಂಕಲ್ ಒಂದು ಕ್ಷಣ ತಮ್ಮ ದಾಯಾದಿಯ ಮುಖ ನೋಡಿದರು. ಕೈ ಇಳಿಸಿದರು. ಬೇರೆ ಯಾರೂ ಎತ್ತಲಿಲ್ಲ.

ಯಜಮಾನ ಅಲ್ಲೇ, ಆ ಗದ್ದಲದಲ್ಲೇ, ಕೋಟಿನ ಒಳಜೇಬಿನಿಂದ ಎಕ್ಸ್‌ಟೆನ್ಶನ್ ಪೇಪರು ತೆಗೆದ. ನನಗೆ ಆಶ್ಚರ್ಯವಾಯಿತು, ಒಪ್ಪದಿದ್ದರೆ ಅದನ್ನು ಏನು ಮಾಡುತ್ತಿದ್ದನೋ, ನಾನು ಕೇಳಲಿಲ್ಲ. ಮೇಜುಗಳ ಮೇಲೆಲ್ಲ ತಟ್ಟೆ, ಗ್ಲಾಸು, ಚೆಲ್ಲಿದ ವೈನು. ಪೇಪರಿಡಲು ಜಾಗವಿಲ್ಲ. ಪಕ್ಕದಲ್ಲಿ ನಿಂತಿದ್ದ ಕಸಾಯಿ ಅಂಕಲ್‌ರ ಅಗಲ ಬೆನ್ನನ್ನು ತಿರುಗಿಸಿ ಅದರ ಮೇಲೇ ಪೇಪರಿಟ್ಟ.

"ಏನಿದು, ನನ್ನ ಬೆನ್ನ ಮೇಲೆ?" ಅವರು ಕೇಳಿದರು.

"ನನ್ನ ವೀಸಾ" ಎಂದ ಧಾರವಾಡದವ. "ಇನ್ನು ಮೂರು ವರ್ಷ ಇರಬಹುದು."

"ಮೂರೇ? ಆಮೇಲೆ?"

"ಆಮೇಲೆ ಮತ್ತೆ ಕೇಳಬೇಕು. ಗ್ರೀನ್ ಕಾರ್ಡಿನ ಸಾಲು ಬಹಳ ಉದ್ದ ಇದೆ."

"ನನಗೆ ಹಡಗಿಳಿದ ದಿನವೇ ಕೊಟ್ಟಿದ್ದರು!" ಎಂದು ಕಸಾಯಿ ಅಂಕಲ್ ಹೊಟ್ಟೆ ಕುಣಿಸಿಕೊಂಡು ನಗತೊಡಗಿದರು. ಬೆನ್ನೂ ಕುಣಿಯಿತು. "ಅಲುಗಾಡಬೇಡ ಮಾರಾಯ" ಎಂದು ಯಜಮಾನ ಬೈದ. ಅಷ್ಟರಲ್ಲಿ ಪೆನ್ನು ಜಾರಿ ಸೈನು ಗುಡ್ಡ ಹತ್ತಿ ಇಳಿದಿತ್ತು.

ಈ ಸೈನು ನಡೆಯುವುದಿಲ್ಲ ಎಂದು ವೀಸಾ ಅರ್ಜಿಯ ಲಾಯರು ಆ ಪೇಪರನ್ನು ವಾಪಸ್ಸು ಕಳಿಸಿದ. ಅದೇ ವಾರದಲ್ಲಿ ಯಜಮಾನ ನನ್ನ ಕೆಲಸದ ಮೇಜಿನ ಮೇಲೆ ಸ್ಲೇಟಿನ ಪುಡಿ ಒರೆಸಿ, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು, ಇನ್ನೊಂದು ಪ್ರತಿಗೆ ನೆಟ್ಟಗೆ ಸೈನು ಹಾಕಿದ. ಧಾರವಾಡದವ ಶಾಯಿ ಒಣಗುವ ತನಕ ಊದುತ್ತಾ ನಿಂತ. ಆಮೇಲೆ ಫೋನ್ ತೆಗೆದು ಹೆಂಡತಿಗೆ ಹೇಳಿದ: "ಬೂಟು ತಗೋ. ಒಂದು ಸೈಜ್ ದೊಡ್ಡದು ತಗೋ."